ಕಲ್ಲಿನಲ್ಲಿ ಆನೆ, ಕತೆಯಲ್ಲಿ ಹಸು

(ಓದುಗರ ಬಳಗವೊಂದರಲ್ಲಿ ‘ಐತಿಹಾಸಿಕ ಕಾದಂಬರಿಯ ರಾಣಿವಾಸ’ ಎಂಬ ವಿಷಯವಾಗಿ ಆಡಿದ ಮಾತುಗಳ ಬರಹ ರೂಪ. ಆಡುವಾಗ ದಾರಿ ತಪ್ಪಿದ ಕಡೆ ತಿದ್ದಿದ್ದೇನೆ, ಎಲ್ಲ ಕಡೆಯೂ ಅಲ್ಲ.)

ಎಲ್ಲರಿಗೂ ನಮಸ್ಕಾರ.

ಶ್ರವಣಬೆಳಗೊಳಕ್ಕೆ ಹೋದವರಲ್ಲಿ ಬಹಳ ಮಂದಿ ಗೊಮ್ಮಟನ ಬೆಟ್ಟ ಹತ್ತಿ ಇಳಿಯುವಷ್ಟರಲ್ಲಿ ಕಾಲು ಸೋತು, ಎದುರಿನ ಚಿಕ್ಕಬೆಟ್ಟಕ್ಕೆ ಕೆಳಗಿನಿಂದಲೇ ಕೈಮುಗಿದು ಬಸ್ಸು ಹತ್ತುತ್ತಾರೆ. ನಾನೂ ಮೂರು ಸಲ ಹಾಗೆಯೇ ಬಂದವಳು. ನಾಲ್ಕನೆಯ ಸಲ ಹಟ ಮಾಡಿ ಚಿಕ್ಕಬೆಟ್ಟ ಹತ್ತಿದೆ. ಅಲ್ಲಿನ ಬಸದಿಗಳ ಸಾಲಿನಲ್ಲಿ ಒಂದರ ಹೆಸರು ಓದಿ ನಿಂತುಬಿಟ್ಟೆ: ಸವತಿಗಂಧವಾರಣ ಬಸದಿ.

ಹೊಯ್ಸಳ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲದೇವಿ 1123ರಲ್ಲಿ ಕಟ್ಟಿಸಿದ ಬಸದಿ ಅದು. ಗಂಧವಾರಣ ಎಂದರೆ ಮದವೇರಿದ ಆನೆ. ಅದರ ಮದದ ವಾಸನೆ ಮೂಗಿಗೆ ಬಡಿದರೆ ಸಾಕು, ಉಳಿದ ಆನೆಗಳು ದಿಕ್ಕಾಪಾಲಾಗಿ ಓಡುತ್ತವೆ ಎಂದು ಕವಿಗಳ ನಂಬಿಕೆ. ಸವತಿಗಂಧವಾರಣ ಎಂದರೆ ಸವತಿಯರ ಪಾಲಿನ ಮದ್ದಾನೆ. ಶಾಸನದಲ್ಲಿ ಶಾಂತಲೆಗೆ ಇರುವ ಬಿರುದು ಇನ್ನೂ ಪೂರ್ಣವಾಗಿದೆ: ‘ಉದ್ವೃತ್ತ ಸವತಿ ಗಂಧವಾರಣೆ’. ತಲೆಯೆತ್ತಿ ಮೆರೆಯಲು ಹೊರಟ ಸವತಿಯರಿಗೆ ಮದ್ದಾನೆಯಂಥವಳು ಎಂದರ್ಥ. ಆ ಬಸದಿಯೊಳಗೆ ಇರುವ ತೀರ್ಥಂಕರ ಯಾರು ಬಲ್ಲಿರಾ? ಶಾಂತಿನಾಥ. ಹೊರಗೆ ಹೆಸರಿನಲ್ಲಿ ಮದ್ದಾನೆ, ಒಳಗೆ ಶಾಂತಿ. ಹೊಯ್ಸಳರ ಅಂತಃಪುರದ ಬಗ್ಗೆ ಇದಕ್ಕಿಂತ ಚೆನ್ನಾಗಿ ಬರೆದ ಸಾಲನ್ನು ನಾನಂತೂ ಓದಿಲ್ಲ.

ಇದನ್ನು ಮೊದಲೇ ಹೇಳಲು ಕಾರಣ ನನ್ನದೇ ಒಂದು ಹಳೆಯ ತಪ್ಪು. ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನೊಂದು ನೀಳ್ಗತೆ ಬರೆದಿದ್ದೆ. ಕಥಾನಾಯಕಿ ಶಾಂತಲೆ. ಸಂಗೀತ ಬಲ್ಲವಳು, ನಾಟ್ಯ ಬಲ್ಲವಳು, ಗಂಡ ಇನ್ನೊಬ್ಬಳನ್ನು ತಂದಾಗ ತಾನೇ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬರುವವಳು. ಅವಳಿಗೆ ಎದುರಾಗಿ ಕಿರಿಯ ರಾಣಿ ಲಕ್ಷ್ಮೀದೇವಿ. ಅವಳಿಗೆ ನಾನು ಕೊಟ್ಟದ್ದು ತೀಡಿದ ಹುಬ್ಬು, ಓರೆನೋಟ, ಒಬ್ಬ ಕಪಟಿ ದಾಸಿ. ಮೂವತ್ತು ಪುಟಗಳಲ್ಲಿ ಆಕೆ ಒಂದು ಸಲವೂ ನೆಟ್ಟಗೆ ನಡೆಯುವುದಿಲ್ಲ, ‘ಸರಿದಾಡುತ್ತಾಳೆ’, ‘ನುಸುಳುತ್ತಾಳೆ’. ಕತೆ ಅಚ್ಚಾಯಿತು. ಓದಿದವರು ಕಣ್ಣೀರು ಹಾಕಿದೆವು ಎಂದರು. ಆದರೆ ನಮ್ಮ ಬೀದಿಯಲ್ಲಿದ್ದ ಒಬ್ಬ ಅಜ್ಜಿ, ಮೊಮ್ಮಗಳ ಬಾಯಿಂದ ಅದನ್ನು ಓದಿಸಿ ಕೇಳಿದವರು, ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಒಂದೇ ಮಾತು ಕೇಳಿದರು: “ಚೆನ್ನಾಗಿ ಬರೆದಿದ್ದೀಯಮ್ಮ. ಆದರೆ ಆ ಕಿರಿಯವಳು ಮಾಡಿದ ತಪ್ಪಾದರೂ ಏನು? ತಾನಾಗಿ ಬಂದಳೇ, ಕಟ್ಟಿ ಕಳಿಸಿದರೇ?”

ಉತ್ತರ ನನ್ನಲ್ಲಿರಲಿಲ್ಲ. ಆ ಅಜ್ಜಿ ತಾವೇ ಎರಡನೆಯ ಹೆಂಡತಿಯಾಗಿ ಬಂದವರೆಂದು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ.

ಈಗ ಶಾಸನಕ್ಕೆ ಬರೋಣ. ಶಾಂತಲೆಗೆ ಅಲ್ಲಿ ಬಿರುದುಗಳ ಮಾಲೆಯೇ ಇದೆ. ‘ಪ್ರತ್ಯುತ್ಪನ್ನ ವಾಚಸ್ಪತಿ’, ಅಂದರೆ ತಟ್ಟನೆ ಮಾತು ಹೊಳೆಯುವವಳು. ‘ವಿವೇಕೈಕ ಬೃಹಸ್ಪತಿ’. ‘ಗೀತವಾದ್ಯನೃತ್ಯ ಸೂತ್ರಧಾರೆ’. ಇವುಗಳಲ್ಲಿ ಹಾಡು, ಕುಣಿತಗಳನ್ನು ನಮ್ಮ ಕತೆಗಾರರು ಬಾಚಿಕೊಂಡರು. ಮದ್ದಾನೆಯನ್ನು ಮಾತ್ರ ಮೆಲ್ಲಗೆ ಬಿಟ್ಟರು. ಬಿಟ್ಟರೂ ಸುಮ್ಮನಿರಲಿಲ್ಲ, ಅದನ್ನು ಒಯ್ದು ಕಿರಿಯ ರಾಣಿಯ ಮನೆಯ ಮುಂದೆ ಕಟ್ಟಿದರು. ಕಲ್ಲಿನಲ್ಲಿ ಆನೆಯಾಗಿದ್ದವಳು ಕತೆಯಲ್ಲಿ ಹಸುವಾದಳು. ನನ್ನ ನೀಳ್ಗತೆಯಲ್ಲಿ ಆದದ್ದೂ ಇದೇ. ಸವತಿಯನ್ನು ಕೆಣಕುವ ಹೆಸರನ್ನು ಒಂದು ದೇವಸ್ಥಾನಕ್ಕೇ ಇಟ್ಟ ಹೆಂಗಸನ್ನು ನಾನು ಆರತಿ ತಟ್ಟೆಯೊಂದಿಗೆ ಬಾಗಿಲಲ್ಲಿ ನಿಲ್ಲಿಸಿದ್ದೆ.

ಹಾಗೆಂದು ಶಾಂತಲೆ ಕೆಟ್ಟವಳು, ಲಕ್ಷ್ಮೀದೇವಿ ಒಳ್ಳೆಯವಳು ಎಂದು ತಕ್ಕಡಿ ತಿರುಗಿಸಲು ನಾನು ಬಂದಿಲ್ಲ. ಅದು ಈಚಿನ ದಿನಗಳ ಇನ್ನೊಂದು ಚಾಳಿ. ನನ್ನ ಕುತೂಹಲ ಬೇರೆ: ಒಂದೇ ಅರಮನೆಯ ಇಬ್ಬರು ಹೆಂಗಸರ ಹಣೆಬರಹ ಹೀಗೆ ಎರಡಾಗಿ ಸೀಳುವುದು ಎಲ್ಲಿ? ಅವರ ಸ್ವಭಾವದಲ್ಲೋ, ಅವರ ಹೆಸರು ಯಾವ ಬಗೆಯ ಬರಹದಲ್ಲಿ ಉಳಿಯಿತು ಎಂಬುದರಲ್ಲೋ?

ರಾಣಿಯೊಬ್ಬಳ ಹೆಸರು ಕಲ್ಲಿಗೆ ಬರಬೇಕಾದರೆ ಮುಖ್ಯವಾಗಿ ಎರಡು ದಾರಿಗಳಿದ್ದವು. ಒಂದು, ಅವಳು ಏನನ್ನಾದರೂ ಕೊಡಬೇಕು: ಬಸದಿ, ಗುಡಿ, ಊರು, ಗದ್ದೆ. ಶಾಂತಲೆ ಕೊಟ್ಟವಳು. ಬೇಲೂರಿನಲ್ಲಿ 1117ರಲ್ಲಿ ಗಂಡ ದೊಡ್ಡ ಗುಡಿ ಕಟ್ಟಿಸಿದರೆ ಪಕ್ಕದಲ್ಲಿರುವ ಕಪ್ಪೆಚೆನ್ನಿಗರಾಯನ ಗುಡಿ ಅವಳದು. ತಾನು ಜೈನಳಾಗಿ ವಿಷ್ಣುವಿನ ಗುಡಿ ಕಟ್ಟಿಸಿದಳು. ‘ಚತುಃಸಮಯ ಸಮುದ್ಧರಣೆ’, ಅಂದರೆ ನಾಲ್ಕು ಮತಗಳನ್ನೂ ಎತ್ತಿಹಿಡಿದವಳು ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. ಇನ್ನೊಂದು ದಾರಿ, ಅವಳು ಅರಸನಾಗುವ ಮಗನನ್ನು ಹೆರಬೇಕು. ಲಕ್ಷ್ಮೀದೇವಿ ಹೆತ್ತವಳು. ಅವಳ ಮಗ ನರಸಿಂಹನಿಗೆ ಹುಟ್ಟಿದ ದಿನವೇ ಪಟ್ಟವಾಯಿತೆಂದು ಶಾಸನ ಹೇಳುತ್ತದೆ. ಮುಂದಿನ ಅರಸರ ವಂಶಾವಳಿಯ ಪದ್ಯಗಳಲ್ಲಿ ವಿಷ್ಣುವರ್ಧನನ ಪಕ್ಕದಲ್ಲಿ ಕೂರುವ ಹೆಸರು ಲಕ್ಷ್ಮೀದೇವಿಯದು. ದಾನಶಾಸನ ಓದುವವನಿಗೆ ಶಾಂತಲೆ ರಾಣಿ. ವಂಶಾವಳಿ ಓದುವವನಿಗೆ ಲಕ್ಷ್ಮೀದೇವಿ ರಾಣಿ. ಕಾದಂಬರಿಕಾರ ಓದುವುದು ಮೊದಲನೆಯದನ್ನು, ಏಕೆಂದರೆ ಅಲ್ಲಿ ಹೆಂಗಸಿಗೆ ಗುಣಗಳಿವೆ. ಎರಡನೆಯದರಲ್ಲಿ ಅವಳಿಗೆ ಇರುವುದು ಬಸಿರೊಂದೇ.

ಕೆ.ವಿ. ಅಯ್ಯರ್ ಬರೆದರು, ಸಿ.ಕೆ. ನಾಗರಾಜರಾವ್ ಬರೆದರು, ಶಾಂತಲೆಯ ಹೆಸರು ಕನ್ನಡ ಕಾದಂಬರಿಗಳ ಮುಖಪುಟಕ್ಕೆ ಮತ್ತೆ ಮತ್ತೆ ಬಂತು. ಕಿರಿಯವಳು ಒಳಪುಟಗಳಲ್ಲೇ ಉಳಿದಳು.

ಶಾಂತಲೆಯ ಸಾವಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಶಿವಗಂಗೆ ಬೆಟ್ಟ ಹತ್ತಿದವರಿಗೆ ಮೇಲೊಂದು ಅಂಚನ್ನು ತೋರಿಸುತ್ತಾರೆ. ಶಾಂತಲೆ ಇಲ್ಲಿಂದ ಹಾರಿಕೊಂಡಳು, ಸವತಿಯ ಮಗನಿಗೆ ಪಟ್ಟವಾಗಲೆಂದು ತಾನೇ ದಾರಿ ಬಿಟ್ಟಳು ಎಂದು ಕತೆ ಹೇಳುತ್ತಾರೆ. ನನ್ನ ನೀಳ್ಗತೆಯೂ ಅಲ್ಲೇ ಮುಗಿದಿತ್ತು, ಗಾಳಿಗೆ ಹಾರುವ ಸೆರಗಿನೊಂದಿಗೆ. ಶಾಸನದಲ್ಲಿ ಹಾರುವಿಕೆ ಇಲ್ಲ. 1131ರ ಚೈತ್ರದಲ್ಲಿ ಶಿವಗಂಗೆಯ ತೀರ್ಥದಲ್ಲಿ ಅವಳು ‘ಮುಡಿಪಿ’ ಸ್ವರ್ಗಕ್ಕೆ ಹೋದಳು ಎಂದಿದೆ. ಮುಡಿಪು ಎಂಬ ಮಾತು ನಮಗೆ ಇಂದಿಗೂ ಗೊತ್ತು, ಹರಕೆಗೆಂದು ತೆಗೆದಿಡುವುದು. ಆ ಕಾಲದ ಶಾಸನಗಳಲ್ಲಿ ಅದು ಸಾವಿಗೆ, ಅದರಲ್ಲೂ ವ್ರತ ಹಿಡಿದ ಸಾವಿಗೆ ಹೊಂದುವ ಮಾತು. ಬೆಟ್ಟದ ಅಂಚು ಕತೆಗಾರನಿಗೆ ಬೇಕಿತ್ತು, ಬಂತು.

ಆದರೆ ಅದೇ ಶಾಸನ ಇನ್ನೊಂದು ಸಾವನ್ನು ಎಷ್ಟು ಹತ್ತಿರದಿಂದ ನೋಡಿದೆ ಎಂದರೆ, ಓದಿದ ಮೇಲೆ ನನಗೆ ಆ ಅಂಚಿನ ಕತೆ ತೆಳುವಾಗಿ ಕಂಡಿತು. ಶಾಂತಲೆಯ ತಾಯಿ ಮಾಚಿಕಬ್ಬೆ. ರಾಣಿ ಹೋದಳು, ಇನ್ನು ನಾನಿರಲಾರೆ ಎಂದು ಅವಳು ಬೆಳಗೊಳಕ್ಕೆ ಬರುತ್ತಾಳೆ. ಬಂಧುಗಳಿಂದ ಬೀಳ್ಕೊಳ್ಳುತ್ತಾಳೆ. ಅರೆಮುಚ್ಚಿದ ಕಣ್ಣು, ಬಾಯಲ್ಲಿ ಜೈನರ ಪಂಚಪದ ಮಂತ್ರ, ಒಂದು ತಿಂಗಳ ಉಪವಾಸ. ಹಾಗೆ ಪ್ರಾಣ ಬಿಡುತ್ತಾಳೆ. ಮಗಳ ಸಾವಿಗೆ ಒಂದು ಕ್ರಿಯಾಪದ, ತಾಯಿಯ ಸಾವಿಗೆ ಒಂದು ತಿಂಗಳು. ಮಗಳಿಗೆ ‘ರಾಣಿ’ ಎನ್ನುತ್ತಾಳೆ ಆ ತಾಯಿ, ಗಮನಿಸಿ. ಮಗಳನ್ನು ಅರಮನೆಗೆ ಕೊಟ್ಟ ದಿನದಿಂದ ಹೆಸರು ಹಿಡಿದು ಕರೆಯುವುದು ತಪ್ಪಿತೋ ಏನೋ. ಸತ್ತ ಮೇಲೂ ಆ ಪದವಿ ಬಿಡಲಿಲ್ಲ.

ವಿಷ್ಣುವರ್ಧನನಿಗಿಂತ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರೆ ಅವನ ಅಣ್ಣ ಬಲ್ಲಾಳ ಸಿಗುತ್ತಾನೆ. 1103ರಲ್ಲಿ ಈ ಬಲ್ಲಾಳ, ಮರಿಯಾನೆ ದಂಡನಾಯಕನ ಮೂವರು ಹೆಣ್ಣುಮಕ್ಕಳನ್ನು ಒಂದೇ ದಿನ, ಒಂದೇ ಮಂಟಪದಲ್ಲಿ ಮದುವೆಯಾದ. ಪದ್ಮಲದೇವಿ, ಚಾವಲದೇವಿ, ಬೊಪ್ಪದೇವಿ. ಮೂವರೂ ಶಾಸ್ತ್ರ, ಗೀತ, ನೃತ್ಯಗಳಲ್ಲಿ ಪಳಗಿದವರು. ಹೆಣ್ಣುಮಕ್ಕಳಿಗೆ ಹಾಲೂಡಿ ಬೆಳೆಸಿದ ಋಣ ತೀರಿಸುವುದಕ್ಕೆಂದು ಮರಿಯಾನೆಗೆ ಸಿಂದಗೆರೆಯ ಒಡೆತನ ಮತ್ತೆ ಸಿಕ್ಕಿತು. ಮೊಲೆಹಾಲಿನ ಋಣಕ್ಕೆ ಊರಿನ ಒಡೆತನ, ಅದೂ ಸಿಕ್ಕಿದ್ದು ತಂದೆಗೆ. ಹಾಲೂಡಿದವಳು ಯಾರಾದರೂ ಇದ್ದಳೇ ಎಂದು ನಾನು ಕೇಳಬಾರದು.

ಬಲ್ಲಾಳ ಬಹುಕಾಲ ಆಳಲಿಲ್ಲ. ತಮ್ಮ ಪಟ್ಟಕ್ಕೆ ಬಂದ. ಈ ಮೂವರು ಅಕ್ಕತಂಗಿಯರನ್ನು ಕಾದಂಬರಿ ಹೇಗೆ ನಡೆಸಿಕೊಳ್ಳಬೇಕು? ಇಬ್ಬರಿದ್ದರೆ ಸುಲಭ, ಒಬ್ಬಳನ್ನು ಎತ್ತಬಹುದು, ಒಬ್ಬಳನ್ನು ಇಳಿಸಬಹುದು. ಮೂವರು ಸರಿಸಮಾನರಾದರೆ ಕತೆಯ ಲೆಕ್ಕ ತಪ್ಪುತ್ತದೆ. ನಮ್ಮಲ್ಲಿ ಕಿರಿಯ ಹೆಂಡತಿ ಹಿರಿಯಳನ್ನು ‘ಅಕ್ಕ’ ಎಂದೇ ಕರೆಯುವುದು. ಇಲ್ಲಿ ನಿಜವಾದ ಅಕ್ಕನೇ ಸವತಿ. ಮದುವೆಗೆ ಮುಂಚೆ ಕರೆದ ‘ಅಕ್ಕ’ನಿಗೂ ಮದುವೆಯ ಮಾರನೆಯ ಬೆಳಗ್ಗೆ ಕರೆದ ‘ಅಕ್ಕ’ನಿಗೂ ನಡುವೆ ಏನು ನಡೆಯಿತು? ಇಷ್ಟನ್ನೇ ಹಿಡಿದು ಯಾರಾದರೂ ಒಂದು ಕತೆ ಬರೆಯಬಾರದೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ವಿಜಯನಗರಕ್ಕೆ ಹೋಗೋಣ. ತಿರುಮಲೆಯ ದೇಗುಲದಲ್ಲಿ ಕೃಷ್ಣದೇವರಾಯನ ಲೋಹದ ಪ್ರತಿಮೆ ಕೈಮುಗಿದು ನಿಂತಿದೆ, ಎರಡು ಬದಿಗೂ ತಿರುಮಲದೇವಿ, ಚಿನ್ನಾದೇವಿ. ಯಾರು ಯಾರೆಂದು ತಿಳಿಯಲು ಭುಜದ ಮೇಲೆ ಹೆಸರು ಕೊರೆದಿದ್ದಾರೆ. ಹೆಸರಿಲ್ಲದಿದ್ದರೆ ಶ್ರೀರಂಗಪಟ್ಟಣದ ಅರಸುಮಗಳು ಯಾರು, ರಾಯ ಯೌವನದಲ್ಲಿ ಮೆಚ್ಚಿದ ನರ್ತಕಿ ಯಾರು ಎಂದು ಹೇಳುವುದು ಕಷ್ಟ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ರಾಯನ ಮೂವರು ಮುಖ್ಯ ರಾಣಿಯರ ಬಗ್ಗೆ ಬರೆಯುತ್ತಾನೆ: ಒಬ್ಬಳಿಗೆ ಇದ್ದಷ್ಟೇ ಇನ್ನೊಬ್ಬಳಿಗೆ, ಜಗಳ ಬರಬಾರದೆಂದು, ಅವರೆಲ್ಲ ಒಳ್ಳೆಯ ಗೆಳತಿಯರು, ಆದರೆ ಬೇರೆ ಬೇರೆ ಮನೆಗಳಲ್ಲಿ ಇರುತ್ತಾರೆ. ಅಂತಃಪುರದ ಬಾಗಿಲ ಹೊರಗೆ ನಿಂತ ಗಂಡಸು ಒಳಗಿನ ಗೆಳೆತನದ ಬಗ್ಗೆ ಬರೆದ ಷರಾ ಅದು. ಆದರೂ ‘ಬೇರೆ ಬೇರೆ ಮನೆ’ ಎಂಬ ಮಾತನ್ನು ನಾನು ನಂಬುತ್ತೇನೆ. ಗೆಳೆತನ ಉಳಿಯಲು ಅದು ಒಳ್ಳೆಯ ಏರ್ಪಾಡು.

ಮೂರನೆಯವಳು ಒರಿಸ್ಸಾದ ಗಜಪತಿಯ ಮಗಳು. ಗೆದ್ದ ಯುದ್ಧದ ಕೊನೆಗೆ ಸಂಧಿಯ ಜೊತೆ ಬಂದವಳು. ನರ್ತಕಿಯ ಪ್ರೀತಿಗೆ ರಾಯ ಒಂದು ಊರನ್ನೇ ಕಟ್ಟಿಸಿದನೆಂದು ಪಾಯೆಸ್ ಬರೆದಿದ್ದಾನೆ; ಆ ನಾಗಲಾಪುರವೇ ಇಂದಿನ ಹೊಸಪೇಟೆ. ಗಜಪತಿಯ ಮಗಳಿಗೆ ಪರಂಪರೆ ಕೊಟ್ಟದ್ದು ಐದು ಸಂಸ್ಕೃತ ಶ್ಲೋಕ, ಗಂಡನ ಕಡೆಗಣನೆಯನ್ನು ನೆನೆದು ಅವಳೇ ಬರೆದಳೆಂಬ ಪ್ರತೀತಿ. ಒಬ್ಬಳಿಗೆ ಊರು, ಒಬ್ಬಳಿಗೆ ಐದು ಪದ್ಯ. ಕತೆ ಕಟ್ಟುವವರಿಗೆ ಅದೂ ಸಾಲಲಿಲ್ಲ. ಮದುವೆಯ ರಾತ್ರಿ ಅವಳ ಸೆರಗಿನ ಮರೆಯಲ್ಲಿ ಕಠಾರಿಯನ್ನೂ ಇಟ್ಟರು. ಸೋತ ರಾಜ್ಯದಿಂದ ಬಂದ ಹೆಣ್ಣು ಕಠಾರಿ ತರದೆ ಬರಬಹುದು ಎಂದು ಯಾರಿಗೂ ತೋಚಲಿಲ್ಲ.

ಇನ್ನು ಕೆಳದಿ. ಒಂದೇ ಮನೆತನ, ಇಬ್ಬರು ವಿಧವೆಯರು, ಇಬ್ಬರೂ ದತ್ತು ಮಗನನ್ನು ತೆಗೆದುಕೊಂಡು ರಾಜ್ಯ ಆಳಿದವರು. ಚೆನ್ನಮ್ಮಾಜಿ ಕೋಟಿಪುರದ ಸಿದ್ದಪ್ಪ ಶೆಟ್ಟಿಯ ಮಗಳು. ಗಂಡ ಸೋಮಶೇಖರ ನಾಯಕ ನರ್ತಕಿ ಕಲಾವತಿಯ ಮನೆ ಸೇರಿ, ಬುದ್ಧಿ ಕೆಟ್ಟು, ಕೊನೆಗೆ ಕೊಲೆಯಾದ. ಚೆನ್ನಮ್ಮಾಜಿ ಇಪ್ಪತ್ತೈದು ವರ್ಷ ಆಳಿದಳು, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು, ಔರಂಗಜೇಬನ ಸೈನ್ಯ ಬಂದರೆ ಮಲೆನಾಡಿನ ಮಳೆಯಲ್ಲಿ ನಿಂತು ಎದುರಿಸಿದಳು. ಅವಳ ಶೀಲದ ಬಗ್ಗೆ ಚಕಾರವೆತ್ತಿದವರಿಲ್ಲ.

ವೀರಮ್ಮಾಜಿ ಅದೇ ಗದ್ದುಗೆಯ ಕೊನೆಯವಳು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹೈದರನ ಕೈಗೆ ಬಿತ್ತು. ಅವಳು ಕೊಲ್ಲಿಸಿದಳೆಂದು ಜನ ಆಡಿಕೊಂಡಿದ್ದ ದತ್ತು ಮಗ ನಾನೇ, ಬದುಕಿದ್ದೇನೆ ಎಂದು ಹೇಳಿಕೊಂಡವನೊಬ್ಬ ಹೈದರನ ದಂಡಿನ ಜೊತೆಗೇ ಇದ್ದ. ವೀರಮ್ಮಾಜಿಯನ್ನು ಹಿಡಿದು ಮಧುಗಿರಿಯಲ್ಲಿ ಸೆರೆಯಿಟ್ಟರು. ಮರಾಠರು ಬಿಡಿಸಿದರು, ಪುಣೆಯ ದಾರಿಯಲ್ಲಿ ತೀರಿಕೊಂಡಳು. ಅವಳ ಹೆಸರಿಗೆ ಅಂಟಿಕೊಂಡದ್ದು ಪರಪುರುಷನ ಮಾತು, ಕೊಲೆಯ ಮಾತು. ಮಾಸ್ತಿಯವರ ‘ಚೆನ್ನಬಸವನಾಯಕ’ ಬಿದನೂರಿನ ಈ ಕೊನೆಯ ದಿನಗಳನ್ನೇ ಕುರಿತದ್ದು. ಓದಿದವರಿಗೆ ಆ ಮನೆಯ ಉಸಿರುಗಟ್ಟುವಿಕೆ ಗೊತ್ತು.

ನನಗೆ ಒಂದು ಅನುಮಾನವಿದೆ. ಬಿದನೂರು ಬೀಳದೆ ಇದ್ದಿದ್ದರೆ ಆ ಪರಪುರುಷ ಎಲ್ಲಿರುತ್ತಿದ್ದ? ಅರಮನೆಯ ಹಿಂಬಾಗಿಲ ಪಿಸುಮಾತಾಗಿಯೇ ಉಳಿದು ಎರಡು ತಲೆಮಾರಿನಲ್ಲಿ ಮರೆತು ಹೋಗುತ್ತಿದ್ದ. ಗೆದ್ದ ವಿಧವೆಗೆ ಕುದುರೆ ಕತ್ತಿ ಕೊಟ್ಟು ಪ್ರತಿಮೆ ನಿಲ್ಲಿಸುತ್ತೇವೆ. ಸೋತ ವಿಧವೆಯ ಹಾಸಿಗೆಯನ್ನು ಕೊಡವುತ್ತೇವೆ. ಕೋಟೆ ಬಿದ್ದದ್ದಕ್ಕೆ ಕಾರಣ ಗೋಡೆಯಲ್ಲಿ, ತೋಪಿನಲ್ಲಿ, ಬೊಕ್ಕಸದಲ್ಲಿ ಸಿಗಬೇಕಾದದ್ದು. ಹುಡುಕುವುದು ರಾಣಿಯ ಕೋಣೆಯಲ್ಲಿ.

ಕಲಾವತಿಯ ಹೆಸರನ್ನು ಹೇಳಿ ಮುಂದೆ ಬಂದೆ, ತಾವು ಗಮನಿಸಿರಬಹುದು. ಹಂಪಿಯಲ್ಲಿ ನರ್ತಕಿ ರಾಣಿಯಾದಳು, ಕೆಳದಿಯಲ್ಲಿ ನರ್ತಕಿ ಮನೆಹಾಳಿಯಾದಳು. ನಡುವೆ ಬದಲಾದದ್ದು ಅರಸ.

ಈಗ ನನಗೆ ತುಂಬ ಇಷ್ಟವಾದ ಸಂಗತಿ. ಪಾಯೆಸನ ನಂತರ ಬಂದ ನೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ವಿಜಯನಗರದ ಅರಮನೆಯ ಹೆಂಗಸರ ಕೆಲಸಗಳನ್ನು ಹೇಳುತ್ತ ಹೋಗುತ್ತಾನೆ. ಪಲ್ಲಕ್ಕಿ ಹೊರುವ ಹೆಂಗಸರು, ಕುಸ್ತಿ ಆಡುವ ಹೆಂಗಸರು, ಕತ್ತಿ ಗುರಾಣಿ ಹಿಡಿದವರು, ಕಹಳೆ ಊದುವವರು, ಜ್ಯೋತಿಷ ಹೇಳುವವರು. ಆಮೇಲೆ ಒಂದು ಸಾಲು: ಬಾಗಿಲ ಒಳಗಿನ ಖರ್ಚಿನ ಲೆಕ್ಕವೆಲ್ಲ ಬರೆಯುವ ಹೆಂಗಸರೂ ಇದ್ದಾರೆ, ರಾಜ್ಯದ ಆಗುಹೋಗು ಬರೆದು, ಹೊರಗಿನ ಬರಹಗಾರರ ಪುಸ್ತಕದೊಂದಿಗೆ ತಮ್ಮ ಪುಸ್ತಕ ತಾಳೆ ನೋಡುವವರೂ ಇದ್ದಾರೆ.

ಲೆಕ್ಕ ಬರೆಯುವ ಹೆಂಗಸು! ನಮ್ಮ ಐತಿಹಾಸಿಕ ಕಾದಂಬರಿಗಳ ಅರಮನೆಯಲ್ಲಿ ದಾಸಿಯರಿಗೆ ಇರುವುದು ಎರಡೇ ಉದ್ಯೋಗ: ಪನ್ನೀರು ಎರಚುವುದು ಮತ್ತು ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳುವುದು. ಇಲ್ಲಿ ನೋಡಿದರೆ ಕೈಯಲ್ಲಿ ಕಡತ ಹಿಡಿದು ಕೂತ ಒಬ್ಬಳಿದ್ದಾಳೆ. ಯಾವ ರಾಣಿಯ ಮನೆಗೆ ಎಷ್ಟು ತುಪ್ಪ ಹೋಯಿತು, ಎಷ್ಟು ರೇಷ್ಮೆ ಹೋಯಿತು, ಯಾವ ತಿಂಗಳಿಂದ ಯಾರ ಮನೆಯ ದೀಪದೆಣ್ಣೆ ಕಡಿಮೆಯಾಯಿತು ಎಂಬುದು ಅವಳಿಗೆ ಗೊತ್ತು. ಅರಸನ ಒಲವು ಯಾವ ಕಡೆ ತಿರುಗಿತು ಎಂದು ತಿಳಿಯಲು ಅವಳಿಗೆ ಬಾಗಿಲ ಸಂದಿ ಬೇಕಿಲ್ಲ, ಎಣ್ಣೆಯ ಲೆಕ್ಕ ಸಾಕು. ‘ಎಲ್ಲರಿಗೂ ಸಮಪಾಲು’ ಎಂದು ಪಾಯೆಸ್ ಬರೆದದ್ದು ನಿಜವೋ ಸುಳ್ಳೋ ಎಂದು ಸಾಕ್ಷಿ ಹೇಳಬಲ್ಲವಳು ಅವಳೊಬ್ಬಳೇ. ಆಕೆಯ ಕಡತ ಉಳಿದಿಲ್ಲ. ನಮಗೆ ಉಳಿದದ್ದು ಕುದುರೆ ವ್ಯಾಪಾರಿಯದು.

ಸವತಿಯರ ಕತೆಯನ್ನು ಇಬ್ಬರಲ್ಲಿ ಒಬ್ಬಳ ಪಕ್ಕ ನಿಂತು ಹೇಳಿದರೆ ಇನ್ನೊಬ್ಬಳು ನುಸುಳುವವಳೇ ಆಗುತ್ತಾಳೆ. ಈ ಲೆಕ್ಕದವಳ ಪಕ್ಕ ಕೂತು ಹೇಳಿದರೆ ಇಬ್ಬರೂ ಎರಡು ಸಾಲುಗಳಾಗಿ ಕಾಣುತ್ತಾರೆ, ಒಂದರ ಕೆಳಗೆ ಒಂದು, ಒಂದೇ ಶಾಯಿಯಲ್ಲಿ.

(ಉಪನ್ಯಾಸದ ನಂತರ ಕೆಲವರು ಪ್ರಶ್ನೆ ಕೇಳಿದರು. ಹೆಚ್ಚಿನವು ಶಿವಗಂಗೆಯ ಅಂಚಿನ ಕುರಿತು. ಹಾರಿದ್ದು ಸುಳ್ಳೆಂದರೆ ನಮ್ಮ ನಂಬಿಕೆಯ ಗತಿಯೇನು ಎಂದು ಹಿರಿಯರೊಬ್ಬರು ಸ್ವಲ್ಪ ಖಾರವಾಗಿಯೇ ಕೇಳಿದರು. ಬೆಟ್ಟ ಅಲ್ಲಿಯೇ ಇದೆ, ನಂಬುವವರಿಗೆ ನಾನು ಅಡ್ಡ ನಿಲ್ಲುವುದಿಲ್ಲ, ಶಾಸನದಲ್ಲಿ ಇಲ್ಲವೆಂದಷ್ಟೇ ಹೇಳಿದೆ ಎಂದೆ. ಹಿಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿಯ ಪ್ರಶ್ನೆ ಬೇರೆಯಿತ್ತು: ಆ ಹಳೆಯ ನೀಳ್ಗತೆಯನ್ನು ಮತ್ತೆ ಬರೆಯುತ್ತೀರಾ, ಮೇಡಂ?)

ಬರೆಯುತ್ತಿದ್ದೇನೆ. ನಿಧಾನವಾಗಿ ಸಾಗುತ್ತಿದೆ. ಕಾದಂಬರಿಕಾರರಿಗೆ ಇರುವ ಸಲಿಗೆಯನ್ನು ಬಳಸಿಕೊಂಡು, ಶಾಂತಲೆ ತೀರಿಕೊಳ್ಳುವ ಹೊತ್ತಿಗೆ ಲಕ್ಷ್ಮೀದೇವಿಯನ್ನು ಅರಮನೆಯಲ್ಲಿ ಇರಿಸಿಕೊಂಡಿದ್ದೇನೆ. ಶಿವಗಂಗೆಯಿಂದ ಓಲೆಕಾರ ಬರುತ್ತಾನೆ. ಮೊದಲ ಬರಹದಲ್ಲಿ ಈ ಸುದ್ದಿ ಕೇಳಿ ಅವಳ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗೆ ಸುಳಿದಿತ್ತು. ಆ ನಗೆಯನ್ನು ಹೊಡೆದುಹಾಕಿ ಅಲ್ಲಿ ಏನು ಬರೆಯಬೇಕೆಂದು ಹನ್ನೊಂದು ದಿನ ತೋಚದೆ ಕೂತಿದ್ದೆ. ಅವಳು ಅಳುವಂತೆ ಮಾಡಿ ನೋಡಿದೆ, ಸುಳ್ಳೆನಿಸಿತು. ಮೌನವಾಗಿರಿಸಿದೆ, ಅದೂ ನಾಟಕವಾಯಿತು. ಕೊನೆಗೆ ಅವಳು ಹೊಸಲಿನ ಹತ್ತಿರ ಬಂದು ಓಲೆಕಾರನಿಗೆ ಕುಡಿಯಲು ನೀರು ಕೊಡಿಸಿ, ಅವನು ಕುಡಿದು ಮುಗಿಸುವವರೆಗೆ ಕಾದು, ಕೇಳಿದಳು:

“ಮಾಚಿಕಬ್ಬೆಗೆ ಯಾರು ಹೇಳುವವರು?”

ಸದ್ಯಕ್ಕೆ ಅಲ್ಲಿಗೆ ಬಂದಿದೆ.